ಹೋಗೇ ಅಂದಿದ್ದು ಎಮ್ಮೆಗೆ

ನ್ಯಾಮತಿ

ಆ ತಂಡದ ಹೆಸರು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಅತ್ತೆಯ ಗಂಟಲನ್ನು ಐವತ್ತು ವರ್ಷ ಬಿಟ್ಟಿ ದುಡಿಸಿಕೊಂಡು ಒಂದು ದಿನವೂ ಅವರ ಹೆಸರು ಹೇಳದ ಮಂದಿ ಅವರು. ಅಂಥವರ ಹೆಸರು ನಾನ್ಯಾಕೆ ಹೇಳಲಿ? ಇಂಗ್ಲೆಂಡಿನ ಹಳೇ ರಾಕ್ ತಂಡ, ಒಂದು ಕಾಲಕ್ಕೆ ಲೋಕವನ್ನೆಲ್ಲ ಕುಣಿಸಿದವರು, ಕೆಲವರು ಸತ್ತಿದ್ದಾರೆ, ಕೆಲವರು ಮುದುಕರಾಗಿದ್ದಾರೆ. ಇಷ್ಟು ಗೊತ್ತಾದರೆ ಸಾಕು. ಅತ್ತೆಯ ಹೆಸರು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಹಾಲಮ್ಮ. ಗಂಡನ ಮನೆ ಹೊನ್ನಾಳಿ, ತವರು ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ.

ನಾನು ನಾಗರತ್ನ, ಅವರ ಸೊಸೆ. ಹುಟ್ಟಿದ್ದು ಜಗಳೂರು ಕಡೆ. ನ್ಯಾಮತಿಯ ಆಸ್ಪತ್ರೆಯಲ್ಲಿ ನರ್ಸ್. ಹೊನ್ನಾಳಿಯಿಂದ ದಿನಾ ಬಸ್ಸಿನಲ್ಲಿ ಓಡಾಟ.

ನಮ್ಮಲ್ಲಿಗೆ ಬೆಂಗಳೂರಿನ ಹುಡುಗ ಡಾಕ್ಟರೊಬ್ಬರು ಬಂದಿದ್ದರು. ಊಟದ ಹೊತ್ತಿಗೆ ಡ್ಯೂಟಿ ರೂಮಿನಲ್ಲಿ ಮೊಬೈಲಿನಿಂದ ಇಂಗ್ಲಿಷ್ ಹಾಡು ಹಾಕುವುದು ಅವರ ಚಾಳಿ. ಒಂದು ದಿನ ನಾನು ಬುತ್ತಿ ಬಿಚ್ಚುತ್ತಿದ್ದೆ. "ಇದು ಆ ತಂಡದ ಒಳ್ಳೊಳ್ಳೆ ಹಾಡುಗಳನ್ನೆಲ್ಲ ಸೇರಿಸಿ ಮಾಡಿದ ಆಲ್ಬಂ ಸಿಸ್ಟರ್, ನಮ್ಮಪ್ಪ ಇದನ್ನ ಕೇಳ್ಕೊಂಡೇ ಕಾಲೇಜು ಮುಗಿಸಿದ್ದು. ಕೊನೇ ಹಾಡು ಕೇಳಿ, ಮೈ ಜುಂ ಅನ್ನುತ್ತೆ" ಅಂದರು.

ಗಿಟಾರು ಗೊರಗೊರ ಅಂದಿತು. ಡ್ರಮ್ಮು ಬಡಿಯಿತು. ಎಲ್ಲಾ ನಿಂತು, ಒಬ್ಬ ಹೆಣ್ಣುಮಗಳ ದನಿ ಬಂತು.

"ಹೋಗೇ... ಹೋಗೇಲೇ ಮೂದೇವಿ... ಬದುವಿಗೆ ಹೋಗೇ..."

ತುತ್ತು ಕೈಯಲ್ಲೇ ಉಳಿಯಿತು. ಆ ದನಿ ನನಗೆ ಗೊತ್ತು. ಮದುವೆಯಾಗಿ ಬಂದ ಮಾರನೇ ದಿನದಿಂದ ನನ್ನನ್ನು ಎಬ್ಬಿಸಿದ ದನಿ ಅದು. ಹಾಲು ಉಕ್ಕಿದಾಗ, ಮಗ ಜಾರಿ ಬಿದ್ದಾಗ, ನಾನು ಡ್ಯೂಟಿ ಮುಗಿಸಿ ತಡವಾಗಿ ಬಂದಾಗ ಅದೇ ಏರಿಳಿತದಲ್ಲಿ ನನ್ನ ಮೇಲೆ ಬಿದ್ದ ದನಿ. 'ಮೂದೇವಿ' ಅನ್ನುವಾಗ 'ದೇ' ಮೇಲೆ ಒಂದು ಎಳೆತ ಇದೆ, ಅದು ಹೊನ್ನಾಳಿಯಲ್ಲಿ ಇನ್ಯಾರಿಗೂ ಬರುವುದಿಲ್ಲ.

"ಸಾರ್, ಇದು ನಮ್ಮತ್ತೆ" ಅಂದೆ.

ಡಾಕ್ಟರು ನಕ್ಕರು. "ಸಿಸ್ಟರ್, ಇದು ವೇದಮಂತ್ರ. ಆಲ್ಬಂ ಜೊತೆ ಬರೋ ಪುಸ್ತಕದಲ್ಲೇ ಹಾಕಿದಾರೆ ನೋಡಿ." ಮೊಬೈಲಿನಲ್ಲಿ ತೋರಿಸಿದರು. ಪುರಾತನ ಭಾರತದ ಪವಿತ್ರ ಮಂತ್ರವಂತೆ. ದನಿ, ಯಾರೋ ಅನಾಮಿಕ ಸ್ತ್ರೀಯದಂತೆ. ಅರ್ಥ, 'ತಾಯೇ, ನೀರಿಗೆ ಮರಳು' ಅಂತೆ.

"ಸಾರ್, ನೀವು ಕನ್ನಡದವರೇ ಅಲ್ವಾ? 'ಹೋಗೇ ಮೂದೇವಿ' ಅನ್ನೋದು ಯಾವ ವೇದದಾಗೆ ಐತ್ರೀ?"

ಅವರು ಮತ್ತೆ ಹಾಕಿ ಕೇಳಿದರು. ಮುಖ ಬಿಳಚಿಕೊಂಡಿತು. ಚಿಕ್ಕಂದಿನಿಂದ ಕೇಳಿದ್ದಾರೆ, ಅದು ಕನ್ನಡ ಅಂತ ಒಮ್ಮೆಯೂ ಹೊಳೆದಿರಲಿಲ್ಲವಂತೆ.

ನನಗೆ ಮೊದಲು ಬಂದದ್ದು ನಗು. ಬಸ್ಸಿನಲ್ಲಿ ಕೂತು ಯೋಚಿಸಿದಂತೆ ಸಿಟ್ಟು ಏರಿತು. ಅತ್ತೆಯ ಕೇರಿಯವರನ್ನು ಆ ಕಾಲದಲ್ಲಿ ಗುಡಿಯ ಕಟ್ಟೆ ಹತ್ತಲೂ ಬಿಡುತ್ತಿರಲಿಲ್ಲ. ಮಂತ್ರ ಕಿವಿಗೆ ಬೀಳುವಷ್ಟು ಹತ್ತಿರ ಯಾರು ಬಿಟ್ಟುಕೊಂಡಿದ್ದರು? ಆ ಸಂಕಟಕ್ಕೇ ಅಲ್ಲವೇ ನಮ್ಮ ಮನೆಯವರು ಬುದ್ಧನ ದಾರಿ ಹಿಡಿದದ್ದು? ಅಂಥ ಹೆಣ್ಣಿನ ಬಾಯಿಂದ ಎಮ್ಮೆಗೆ ಬಿದ್ದ ಬೈಗುಳವನ್ನು ಒಯ್ದು, ಮಂತ್ರ ಅಂತ ಹೆಸರಿಟ್ಟು, ಲೋಕಕ್ಕೆಲ್ಲ ಮಾರಿದ್ದಾರೆ.

ಸಂಜೆ ಅತ್ತೆ ಜಗಲಿಯ ಮೇಲೆ ತೊಗರಿ ಕೇರುತ್ತಿದ್ದರು. ಮೊಬೈಲನ್ನು ಕಿವಿಗೆ ಹಿಡಿದೆ. ಮೊರ ನಿಂತಿತು.

"ಇದು ನಮ್ಮ ಚಂದ್ರಿ ಎಮ್ಮಿಗೆ ನಾ ಬೈದಿದ್ದು" ಅಂದರು, ನಿನ್ನೆ ನಡೆದದ್ದೇನೋ ಅನ್ನುವ ಹಾಗೆ. "ನಂಗಿನ್ನೂ ಮದ್ವಿ ಆಗಿರಲಿಲ್ಲ. ಗದ್ದ್ಯಾಗ ಸಾಲು ಹಿಡಿದು ಕಳೆ ಕೀಳ್ತಿದ್ವಿ, ಹಾಡ್ತಿದ್ವಿ. ಇಬ್ರು ಬಿಳೇರು ಬಂದ್ರು. ಹೆಣ್ಣುಮಕ್ಕಳಂಗೆ ಉದ್ದ ಕೂದಲು. ಚಕ್ರ ತಿರುಗೋ ಒಂದು ಪೆಟ್ಟಿಗಿ ಬದಿನ ಮೇಲಿಟ್ರು. ಹಾಡ್ರಿ ಹಾಡ್ರಿ ಅಂತ ಕೈ ಮಾಡಿದ್ರು. ಹಾಡಿದ್ವಿ. ಅಷ್ಟ್ರಾಗೆ ಆ ಮೂದೇವಿ ಪೈರಿಗೆ ಬಾಯಿ ಹಾಕ್ತು."

ಮತ್ತೊಮ್ಮೆ ಹಾಕು ಅಂದರು. ಹಾಕಿದೆ. ಇನ್ನೊಮ್ಮೆ. ಅದೇನೋ ಹುಡುಕುವವರ ಹಾಗೆ ಕಣ್ಣು ಮುಚ್ಚಿ ಕೇಳಿದರು. ಏನನ್ನು ಅಂತ ಆಗ ನನಗೆ ತಿಳಿಯಲಿಲ್ಲ.

ಡಾಕ್ಟರು ತಪ್ಪಿತಸ್ಥರ ಹಾಗೆ ಆ ಆಲ್ಬಂ ಹೊರತಂದ ಕಂಪನಿಗೆ ಬರೆದರು. ಉತ್ತರವಿಲ್ಲ. ಅತ್ತೆ ಕ್ಯಾಮೆರಾ ಮುಂದೆ ಅದೇ ಬೈಗುಳ ಬೈಯುವ ವಿಡಿಯೋವನ್ನು ಡಾಕ್ಟರೇ ಮಾಡಿ ಮೊಬೈಲಿನಲ್ಲಿ ಬಿಟ್ಟರು. ಅದು ಊರೂರು ತಿರುಗಿತು. ಆಗ ಎಚ್ಚರವಾಯಿತು ಕಂಪನಿಗೆ. ಆಲ್ಬಮ್ಮನ್ನು ಹೊಸದಾಗಿ ಹೊರತರುತ್ತಿದ್ದೇವೆ, ಸಮಾರಂಭ ಇದೆ, ತಾಯಿಯವರು ಬರಬೇಕು, ಜೊತೆಗೆ ಒಬ್ಬರು ಬರಬಹುದು, ಎಲ್ಲಾ ಏರ್ಪಾಡು ನಮ್ಮದು. ಹೀಗೆ ನಾನು ಮತ್ತು ಅತ್ತೆ ಹೊರಟೆವು.

ವಿಮಾನ

ಅತ್ತೆ ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. ಪಕ್ಕದ ಬಿಳಿಯ ಮುದುಕನ ತೊಡೆಗೆ ಮೊಣಕಾಲು ತಾಗಿತು. ಅವನು "ಸಾರಿ" ಅಂದ. ಸ್ವಲ್ಪ ಹೊತ್ತಿಗೆ ಇವರ ಸೆರಗು ಅವನ ಟೀ ಮೇಲೆ ಬಿತ್ತು. ಅದಕ್ಕೂ ಅವನೇ "ಸಾರಿ" ಅಂದ.

"ತಪ್ಪು ನಂದು, ಸಾರಿ ಇವ್ನು ಅಂತಾನೆ. ಇವರು ತಪ್ಪು ಮಾಡಿದಾಗ ಏನಂತಾರೋ ನೋಡಾನ" ಅಂದರು ಅತ್ತೆ.

ನಾನು ದಾರಿಯುದ್ದಕ್ಕೂ ಇಂಗ್ಲಿಷ್ ಮಾತು ಜೋಡಿಸಿಕೊಳ್ಳುತ್ತಿದ್ದೆ. ನಮ್ಮತ್ತೆಯ ಹೆಸರು ಹಾಕಿ. ಮಂತ್ರ ಅನ್ನುವುದನ್ನು ತೆಗೆಯಿರಿ. ಊರಿನ ಹೆಸರು ಹಾಕಿ. ಅತ್ತೆಗೂ ಒಪ್ಪಿಸಿದೆ. ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಹೆಸರು ತಗಂಡು ನಾನೇನು ಮಾಡ್ಲೇ ನಾಗೂ. ಆ ಪೆಟ್ಟಿಗ್ಯಾಗ ಗೌರಕ್ಕ ಅದಾಳೆ."

ಗೌರಕ್ಕ ಅವರ ಅಕ್ಕ. ಹೆಸರು ಕೇಳಿದ್ದೆ, ಅಷ್ಟೇ. ಆ ದಿನ ಸಾಲಿನಲ್ಲಿ ಹಾಡು ಹೇಳಿಕೊಟ್ಟವಳು ಗೌರಕ್ಕನಂತೆ. ಅವಳು ಒಂದು ಸೊಲ್ಲು ಹೇಳುವುದು, ಉಳಿದವರು ಎತ್ತಿಕೊಳ್ಳುವುದು. ಬಹಳ ಹೊತ್ತು ಹಾಡಿದ್ದರು, ಬಹಳ ಹೊತ್ತು ಆ ಚಕ್ರ ತಿರುಗಿತ್ತು. ಮುಂದಿನ ವರ್ಷವೇ ಗೌರಕ್ಕ ಚೊಚ್ಚಲ ಹೆರಿಗೆಯಲ್ಲಿ, ಗಾಡಿಯಲ್ಲಿ ದಾವಣಗೆರೆಗೆ ಸಾಗಿಸುವಾಗ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಒಂದು ಫೋಟೋ ಇಲ್ಲ. ಮನೆಯಲ್ಲಿ ಅವಳದು ಅಂತ ಒಂದು ಚೂರು ಬಟ್ಟೆಯೂ ಇಲ್ಲ.

"ಮಕ ಇನ್ನೂ ನೆಪ್ಪೈತೆ. ದನಿ ಮರ್ತೋಗೈತೆ. ಒಮ್ಮಿ ಕೇಳಿದ್ರೆ ಸಾಕು."

ನಾನು ಜೋಡಿಸಿಟ್ಟ ಇಂಗ್ಲಿಷೆಲ್ಲ ಹಗುರಾಯಿತು. ಹೆರಿಗೆ ವಾರ್ಡಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಂದಾಗೆಲ್ಲ ಅತ್ತೆ ಬಾಗಿಲಲ್ಲೇ ನಿಲ್ಲಿಸಿ "ಎಲ್ರೂ ಉಳಿದ್ರಾ?" ಅಂತ ಬೈಯುವ ದನಿಯಲ್ಲಿ ಕೇಳುತ್ತಿದ್ದರು. ಅದು ಯಾಕೆಂದು ಆಕಾಶದಲ್ಲಿ ತಿಳಿಯಿತು.

ಬ್ರಿಸ್ಟಲ್

ವಿಮಾನ ನಿಲ್ದಾಣದಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಬಿಚ್ಚಿ ಮೂಸಿದ ಅಧಿಕಾರಿ ಏಳೆಂಟು ಸಲ ಸೀನಿ, ಕಣ್ಣೊರೆಸಿಕೊಂಡು, "ಸಾರಿ" ಅಂದು ಡಬ್ಬಿ ವಾಪಸ್ ಕೊಟ್ಟ. ಹೊರಗೆ ನಮಗಾಗಿ ನಿಂತಿದ್ದವಳು ಕಂಪನಿಯ ಹೆಂಗಸು, ರೆಬೆಕಾ. ಜೊತೆಗೆ ನಮಗೊಬ್ಬ ದುಭಾಷಿ. ಅವನು ಬಗ್ಗಿ ಅತ್ತೆಯ ಕಾಲು ಮುಟ್ಟಿ ಹಿಂದಿಯಲ್ಲಿ ಶುರುಮಾಡಿದ.

"ಏನಂತಾನೆ?" ಅಂದರು ಅತ್ತೆ.

"ನಂಗೂ ಪೂರ್ತಿ ಗೊತ್ತಾಗ್ತಿಲ್ಲ ಅತ್ತೆ, ಹಿಂದಿ."

ನಮ್ಮದು ಕನ್ನಡ ಅಂದೆ ರೆಬೆಕಾಗೆ. ಅದು ಹಿಂದಿಯ ಒಂದು ಬಗೆಯೇ ಅಂತ ಕೇಳಿದಳು. ಅವರ ಆಲ್ಬಮ್ಮಿನ ಕೊನೇ ಹಾಡು ಇರುವುದೇ ಆ ಭಾಷೆಯಲ್ಲಿ! ಬೆಂಗಳೂರಿನ ಡಾಕ್ಟರಿಗೆ ಹೊಳೆಯದ್ದು ಇವಳಿಗೆ ಹೊಳೆದೀತೇ ಅಂತ ಹಲ್ಲು ಕಚ್ಚಿಕೊಂಡೆ. ದುಭಾಷಿ ಮರುದಿನದಿಂದ ಬರಲಿಲ್ಲ. ನಾನೇ ದುಭಾಷಿಯಾದೆ.

ಉಳಿದುಕೊಂಡದ್ದು ಶೀಲಾ ಅನ್ನುವ ಬಿಳಿಯ ವಿಧವೆಯ ಮನೆಯಲ್ಲಿ. ಹೆಸರು ನಮ್ಮವರದ್ದರಂತೆ ಕೇಳಿಸಿದರೂ ಅಲ್ಲಿಯವಳೇ. ಮಹಡಿಯ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆ. ದಪ್ಪ ಹೆಂಗಸು, ದೊಡ್ಡ ನಗು. ಗುಡ್ಡದ ಮೇಲೆ ಸಾಲುಮನೆಗಳು, ಒಂದಕ್ಕೆ ಹಳದಿ, ಒಂದಕ್ಕೆ ಗುಲಾಬಿ, ಒಂದಕ್ಕೆ ನೀಲಿ. ಕೆಳಗೆ ಹೊಳೆ. ಮೊದಲ ದಿನ ನೋಡಿದರೆ ಹೊಳೆಯಲ್ಲಿ ನೀರೇ ಇಲ್ಲ, ಎರಡೂ ಕಡೆ ಮಿರಿಮಿರಿ ಕೆಸರು. ಬೇಸಿಗೆಯಲ್ಲಿ ಹೊನ್ನಾಳಿ ಸೇತುವೆಯ ಮೇಲಿಂದ ನಮ್ಮ ತುಂಗಭದ್ರೆ ಕಂಡ ಹಾಗೆ. "ಪಾಪ, ಇವರಿಗೂ ನೀರಿಲ್ಲ" ಅಂದರು ಅತ್ತೆ. ಸಂಜೆ ಹೋದರೆ ದಡ ಮುಟ್ಟಿ ತುಂಬಿದೆ! ಸಮುದ್ರ ದಿನಕ್ಕೆರಡು ಸಲ ಹೊಳೆಯೊಳಗೆ ಬಂದು ಹೋಗುತ್ತದಂತೆ. ಅತ್ತೆಗೆ ಇದು ಮೋಸ ಅನಿಸಿತು. ಜಗಳೂರಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ನಿಂತು ಬೆಳೆದ ನನಗೆ ಹೊಟ್ಟೆಕಿಚ್ಚಾಯಿತು.

ಬಸ್ಸಿನಲ್ಲಿ ನಾಯಿಗಳು ಮನುಷ್ಯರಿಗಿಂತ ಸಭ್ಯವಾಗಿ ಕೂತಿರುತ್ತವೆ. ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ನ್ಯಾಮತಿ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರು ಹೆದರಿಕೊಂಡಾನು. ಅತ್ತೆ ಎರಡನೇ ದಿನಕ್ಕೇ ಕಲಿತರು. ಇಳಿಯುವಾಗ "ಬರ್ತೀನಪ್ಪಾ" ಅಂತ ಕೂಗುತ್ತಿದ್ದರು. ಡ್ರೈವರು ಕೈ ಎತ್ತುತ್ತಿದ್ದ.

ಮೂರನೇ ದಿನ ಬೆಳಿಗ್ಗೆ ಟೀ ಹೊತ್ತಿಗೆ ಶೀಲಾ ತೋಳು ಮೇಲೇರಿಸಿ ಹಚ್ಚೆ ತೋರಿಸಿದಳು. ಇಂಗ್ಲಿಷ್ ಅಕ್ಷರದಲ್ಲಿ 'ಹೋಗೇ'. ಗಂಡನ ಶವಪೆಟ್ಟಿಗೆ ಎತ್ತುವಾಗ ಆ ಹಾಡು ಹಾಕಿಸಿದ್ದಳಂತೆ. 'ಬಿಟ್ಟುಕೊಡು, ಹೋಗಲಿ' ಅಂತ ಅದರ ಅರ್ಥ ಅಂತ ಅವಳಿಗೆ ಯಾರೋ ಹೇಳಿದ್ದಾರೆ. ಹೇಳುತ್ತ ಹೇಳುತ್ತ ಅತ್ತೆಯ ಎರಡೂ ಕೈ ಹಿಡಿದು ಅತ್ತುಬಿಟ್ಟಳು.

ನಾನು ಅತ್ತೆಗೆ ಹೇಳಿದೆ. "ಇದು ಎಮ್ಮೆಗೆ ಬೈದಿದ್ದು ಅಂತ ಹೇಳ್ಲಾ?"

"ಬಾಯಿ ಮುಚ್ಚು" ಅಂದರು ಅತ್ತೆ. "ಗಂಡ ಸತ್ತೋಳ ಮುಂದೆ ಎಮ್ಮಿ ಕತಿ ಹೇಳ್ತೀಯಾ?" ಶೀಲಾಳ ಬೆನ್ನು ಸವರುತ್ತ ಕೂತರು. ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬರಲಿಲ್ಲ. ಅವಳಿಗೆ ಸುಳ್ಳು ಮಾರಿದವರ ಮೇಲೆ ಎರಡರಷ್ಟು ಬಂತು.

ಬಂದರಿನ ಆಫೀಸು

ಹಳೇ ಬಂದರಿನ ಗೋದಾಮೊಂದನ್ನು ಆಫೀಸು ಮಾಡಿದ್ದಾರೆ. ಗೋಡೆ ತುಂಬ ಆ ತಂಡದ ಆಲ್ಬಮ್ಮುಗಳು. ರೆಬೆಕಾ ಹೊಸದಾಗಿ ಅಚ್ಚಾದದ್ದನ್ನು ಕೈಗೆ ಕೊಟ್ಟಳು. ಮೇಲೆ ಒಬ್ಬ ಹೆಂಗಸಿನ ಚಿತ್ರ. ತಾವರೆಯ ಮೇಲೆ ಕೂತಿದ್ದಾಳೆ, ಹಣೆಗೆ ನಾಮ, ತಲೆಯ ಹಿಂದೆ ಸೂರ್ಯ.

"ಇವಳ್ಯಾರು?" ಅಂದರು ಅತ್ತೆ.

"ನೀವಂತೆ."

"ರವಿಕಿ ಎಲ್ಲಿ?"

ಹಿಂದೆ ತಿರುಗಿಸಿ ನೋಡಿದೆ. ಇಷ್ಟೆಲ್ಲ ಬರೆದು, ವಿಡಿಯೋ ಕಳಿಸಿ, ಕಡಲು ದಾಟಿ ಬಂದರೂ ಅದೇ. ಅನಾಮಿಕ ಸ್ತ್ರೀ. ಇದೇನಿದು ಅಂತ ಕೇಳಿದೆ. ಅಚ್ಚು ಮೊದಲೇ ಆಗಿಬಿಟ್ಟಿತ್ತು, ಮುಂದಿನ ಸಲ ನೋಡೋಣ ಅಂದಳು. ಐವತ್ತು ವರ್ಷದ ಮೇಲೆ ಇನ್ನೊಂದು ಮುಂದಿನ ಸಲ!

ಆಗ ಅವನು ಬಂದ. ತಂಡದ ಹಾಡುಗಾರ. ಉದ್ದ ಕೂದಲು ಹೋಗಿ ತಲೆ ನುಣ್ಣಗಾಗಿದೆ. ಕೈಯಲ್ಲಿ ಜಪಮಾಲೆ. ಅತ್ತೆಯ ಮುಂದೆ ಮೊಣಕಾಲೂರಿ "ಮಾ" ಅಂದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವನಾ? ಹೌದು, ಇವನೇ. ಕಾಲುವ್ಯಾಗ ಜಾರಿ ಬಿದ್ದಿದ್ದ" ಅಂದರು. ನಾನು ಹೇಳಿದೆ. ಅವನ ಜೊತೆಗಿದ್ದವರು ನಕ್ಕರು. ಅವನು ನಗಲಿಲ್ಲ.

"ಕೇಳೇ ನಾಗೂ" ಅಂದರು ಅತ್ತೆ. "ಪೆಟ್ಟಿಗಿ ಎಲ್ಲೈತೆ ಕೇಳು. ನಮ್ಮ ಹಾಡೆಲ್ಲ ಐತಲ್ಲ, ಅದು."

ಕೇಳಿದೆ. ಒಂದು ಸಲ ಅಲ್ಲ, ಬೇರೆ ಬೇರೆ ಮಾತಿನಲ್ಲಿ ಮೂರು ಸಲ. ಆ ದಿನದ ಪೂರ್ತಿ ಟೇಪು ಬೇಕು, ಅದರಲ್ಲಿ ಇವರ ಅಕ್ಕನ ದನಿ ಇದೆ, ಅಕ್ಕ ಸತ್ತಿದ್ದಾಳೆ, ಕೇಳಿ ಹೋಗುವುದಕ್ಕೇ ಇಷ್ಟು ದೂರ ಬಂದಿದ್ದಾರೆ. ಅವನು ರೆಬೆಕಾಳ ಮುಖ ನೋಡಿದ. ರೆಬೆಕಾ ಅವನ ಮುಖ ನೋಡಿದಳು.

ಅವನು ಹೇಳಿದ್ದು ಇಷ್ಟು. ಆಗ ಟೇಪು ದುಬಾರಿ. ನಮಗೆ ಬೇಕಾದ ಚೂರನ್ನು ಕತ್ತರಿಸಿ ಇಟ್ಟುಕೊಂಡೆವು. ಉಳಿದದ್ದರ ಮೇಲೆ ಬೇರೆ ಹಾಡು ರೆಕಾರ್ಡ್ ಮಾಡಿದೆವು. ಉಳಿದದ್ದರಲ್ಲಿ ಏನೂ ಇರಲಿಲ್ಲ, ಬರೀ ಹೆಂಗಸರ ಗಲಾಟೆ.

ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ, "ಅಳಿಸಿಬಿಟ್ಟಾರಂತೆ ಅತ್ತೆ" ಅಂದೆ. ಉಳಿದ ಮಾತು ಹೇಳಲಿಲ್ಲ.

ಟೀ ಮೇಲೆ ಬಿದ್ದ ಸೆರಗಿಗೂ ಸಾರಿ ಅನ್ನುವ ಜನರ ಆ ಊರಿನಲ್ಲಿ, ಆ ಕೋಣೆಯಲ್ಲಿದ್ದ ಯಾರ ಬಾಯಿಂದಲೂ ಆ ಮಾತು ಬರಲಿಲ್ಲ. ರೆಬೆಕಾ ಒಂದು ಪೆಟ್ಟಿಗೆ ತೆರೆದಳು. ಸಮಾರಂಭಕ್ಕೆ ಅತ್ತೆ ಉಡಬೇಕಾದ ಬಿಳಿ ರೇಷ್ಮೆ ಸೀರೆ, ರುದ್ರಾಕ್ಷಿ ಸರ, ಗಂಧದ ಬಟ್ಟಲು. ಅವರು ವೇದಿಕೆಯ ಮೇಲೆ ಕಣ್ಣು ಮುಚ್ಚಿ ಕೂತು, ಕೊನೆಯಲ್ಲಿ ಹಾಡುಗಾರನ ತಲೆಯ ಮೇಲೆ ಕೈ ಇಡಬೇಕಂತೆ.

"ನಮ್ಮ ಮನೆಯಲ್ಲಿರುವುದು ಬುದ್ಧನ ಪಟ. ಇದನ್ನ ಇವರು ಹಾಕಲ್ಲ" ಅಂದೆ. ನನ್ನ ಇಂಗ್ಲಿಷ್ ಆಸ್ಪತ್ರೆಯ ಇಂಗ್ಲಿಷ್. ನೋವೆಲ್ಲಿದೆ, ಎಷ್ಟು ದಿನದಿಂದ, ಮಲಗಿ, ಏಳಿ, ಇಷ್ಟೇ ಅದರ ಬಂಡವಾಳ. ಅದರಲ್ಲೇ ಅಷ್ಟು ಗಟ್ಟಿಯಾಗಿ ಮಾತಾಡಬಹುದು ಅಂತ ಅವತ್ತು ಗೊತ್ತಾಯಿತು.

ವಾಪಸ್ ಹೋಗಿಬಿಡೋಣ ಅಂದೆ ಅತ್ತೆಗೆ, ರಸ್ತೆಯಲ್ಲಿ. ಅವರು ಹೊಳೆಯ ಕೆಸರು ನೋಡುತ್ತ ನಿಂತಿದ್ದರು.

"ಬ್ಯಾಡ. ಬಂದೀವಿ, ಅವ್ರ ಮಕ ನೋಡ್ಕೊಂಡೇ ಹೋಗಾನ."

ಸಭಾಂಗಣ

ಅತ್ತೆ ತಮ್ಮ ಹಸಿರು ಇಳಕಲ್ ಸೀರೆಯನ್ನೇ ಉಟ್ಟರು. ಸಭಾಂಗಣ ತುಂಬಿತ್ತು. ಬಂದವರಲ್ಲಿ ಅರ್ಧ ನರೆತ ತಲೆಗಳು, ಕಪ್ಪು ಟೀ ಶರ್ಟುಗಳು. ಮುಂದಿನ ಸಾಲಿನಲ್ಲಿ ಶೀಲಾ. ನಮಗೆ ವೇದಿಕೆಯ ಬದಿಯಲ್ಲಿ ಎರಡು ಕುರ್ಚಿ.

ಬೋಳುತಲೆಯವನು ಮೈಕು ಹಿಡಿದು ಕತೆ ಶುರುಮಾಡಿದ. ಭಾರತದ ದೊಡ್ಡ ಕೆರೆಯೊಂದರ ದಂಡೆಯಲ್ಲಿ ತಾನು ಧ್ಯಾನಕ್ಕೆ ಕೂತಿದ್ದನಂತೆ. ನೀರಿನೊಳಗಿಂದ ಒಂದು ದನಿ ತನ್ನನ್ನು ಕರೆಯಿತಂತೆ. ಅತ್ತೆಯ ತವರಿನ ಕಡೆಯ ಸೂಳೆಕೆರೆಯನ್ನೇ ಹೇಳುತ್ತಿದ್ದಾನೆ ಅಂತ ಗೊತ್ತಾಯಿತು. ಕಾಲುವೆಯಲ್ಲಿ ಜಾರಿ ಬಿದ್ದವನು ಧ್ಯಾನಕ್ಕೆ ಕೂತಿದ್ದನಂತೆ! ನಾನು ಸಾಲುಸಾಲಾಗಿ ಅತ್ತೆಯ ಕಿವಿಯಲ್ಲಿ ಹೇಳುತ್ತ ಹೋದೆ. ಅವರ ದವಡೆ ಬಿಗಿಯುತ್ತ ಹೋಯಿತು.

"ಮೊದಲು ಆ ಮೂಲ ದನಿಯನ್ನೇ ಕೇಳಿ, ವಾದ್ಯಗಳಿಲ್ಲದೆ" ಅಂದ ಅವನು. ದೀಪ ಆರಿದವು.

ಆಳೆತ್ತರದ ಪೆಟ್ಟಿಗೆಗಳಿಂದ ಗಾಳಿಯ ಸದ್ದು ಬಂತು. ನೀರಿನ ಸದ್ದು. ಆಮೇಲೆ ಅತ್ತೆ, ಹದಿನಾರರ ಹುಡುಗಿ, "ಹೋಗೇ... ಹೋಗೇಲೇ ಮೂದೇವಿ..." ಅದರ ಹಿಂದೆಯೇ, ನಮ್ಮ ಮೊಬೈಲಿನಲ್ಲಿ ಎಂದೂ ಕೇಳಿರದ ಇನ್ನೊಂದು ಸದ್ದು. ಯಾರೋ ಒಬ್ಬಳು ನಕ್ಕಳು. ಬಾಯಿತುಂಬ ಶುರುವಾಗಿ, ಕೈ ಅಡ್ಡ ಹಿಡಿದ ಹಾಗೆ ಮುಚ್ಚಿಹೋದ ನಗು.

ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಗೌರಕ್ಕ! ಕೈ ಅಡ್ಡ ಹಿಡ್ದು ನಗ್ತಿದ್ಲು, ಉಬ್ಬುಹಲ್ಲು ಅಂತ. ಗೌರಕ್ಕನೇ!"

ಅದೇ ಚೂರನ್ನು ಮತ್ತೆ ಮತ್ತೆ ತಿರುಗಿಸಿ ಹಾಕುತ್ತಿದ್ದರು. ಎರಡನೇ ಸಲಕ್ಕೆ ಜನ ದನಿಗೂಡಿಸಿಬಿಟ್ಟರು. ಸಾವಿರ ಗಂಟಲು, ಹೋಗೇ, ಹೋಗೇ. ನಗು ಮುಳುಗಿಹೋಯಿತು. ಅತ್ತೆ ಎದ್ದು ನಿಂತರು. ನೇರ ಹೋಗಿ ಬೋಳುತಲೆಯವನ ಕೈಯಿಂದ ಮೈಕು ಕಿತ್ತುಕೊಂಡರು.

"ಏ ಸುಮ್ನಿರ್ರೋ! ಬಾಯಿ ಮುಚ್ರೋ ಮೂದೇವಿಗಳ್ರಾ! ನಮ್ಮಕ್ಕ ಅದಾಳೆ ಅದ್ರಾಗೆ! ಸುಮ್ನಿರ್ರೋ!"

ಅದೇ ದನಿ. ಐವತ್ತು ವರ್ಷದ ಕೆಳಗಿನ ಅದೇ ದನಿ. ಇಡೀ ಸಭಾಂಗಣ ಎದ್ದು ನಿಂತು ಕೇಕೆ ಹಾಕಿತು. ಚಪ್ಪಾಳೆ, ಸಿಳ್ಳೆ. ಅವರಿಗೆ ಅದೂ ಹಾಡೇ! ಕೆಲವರು 'ಸುಮ್ನಿರ್ರೋ, ಸುಮ್ನಿರ್ರೋ' ಅಂತ ತಾಳ ಹಾಕಿ ಹಾಡತೊಡಗಿದರು. ಅತ್ತೆ ಬೈದಷ್ಟೂ ಅವರು ಕುಣಿದರು. ಅತ್ತೆಯ ಕಣ್ಣಲ್ಲಿ ನೀರು ಬಂತು. ಆ ನೀರನ್ನು ಕಂಡು ಜನ ಇನ್ನೂ ಜೋರಾಗಿ ಕೂಗಿದರು.

ನನ್ನ ಮೈಯಲ್ಲಿ ಅಂಥ ಸಿಟ್ಟು ಇದೆ ಅಂತ ನನಗೆ ಗೊತ್ತಿರಲಿಲ್ಲ. ಮೈಕು ತೆಗೆದುಕೊಂಡೆ. ಎಮರ್ಜೆನ್ಸಿಯಲ್ಲಿ ಬಾಗಿಲಿಗೆ ಮುತ್ತಿದ ಮಂದಿಯನ್ನು ಚದುರಿಸುವ ದನಿಯಲ್ಲಿ, "ಸ್ಟಾಪ್! ಕೂತ್ಕೊಳ್ಳಿ!" ಅಂದೆ. ಕೂತರು.

ಹೇಳಿದೆ. ಇದು ಮಂತ್ರವಲ್ಲ. ಇವರು ಹಾಲಮ್ಮ. ಗದ್ದೆಯಲ್ಲಿ ಕಳೆ ಕೀಳುತ್ತಿದ್ದರು. ಪೈರು ತಿನ್ನುತ್ತಿದ್ದ ಎಮ್ಮೆಗೆ ಬೈದದ್ದು ಇದು. ಆ ದಿನ ಇವರ ಅಕ್ಕ ಗೌರಮ್ಮ ಹಾಡಿದ್ದಳು. ಅವಳ ಹಾಡನ್ನು ಈ ಮನುಷ್ಯ ಅಳಿಸಿಹಾಕಿದ. ಅವಳು ಸತ್ತಿದ್ದಾಳೆ. ಈಗ ಹಿಂದೆ ಒಂದು ನಗು ಕೇಳಿಸಿತಲ್ಲ, ಲೋಕದಲ್ಲಿ ಅವಳದು ಅಂತ ಉಳಿದಿರುವುದು ಅಷ್ಟೇ. ನೀವು ಅದರ ಮೇಲೆ ಹಾಡುತ್ತಿದ್ದೀರಿ. ಬಾಯಿ ಮುಚ್ಚಿ ಅಂತ ಇವರು ಹೇಳುತ್ತಿದ್ದಾರೆ.

ಮುಂದಿನ ಸಾಲಿನಲ್ಲಿ ಶೀಲಾ ತೋಳಿನ ಹಚ್ಚೆಯ ಮೇಲೆ ಕೈ ಮುಚ್ಚಿಕೊಂಡಿದ್ದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

"ಇನ್ನೊಮ್ಮೆ ಹಾಕಿ" ಅಂದೆ. ರೆಬೆಕಾ ಬದಿಯಿಂದ ಬೇಡ ಬೇಡ ಅಂತ ಕೈ ಆಡಿಸಿದಳು, ಕಾರ್ಯಕ್ರಮ ತಡವಾಗುತ್ತದಂತೆ. ಆಗ ಶೀಲಾ ಎದ್ದು, "ಹಾಕ್ರಿ!" ಅಂತ ಕಿರುಚಿದಳು. ಹಾಕಿದರು. ಗಾಳಿ, ನೀರು, ಬೈಗುಳ, ನಗು. ಯಾರೂ ಉಸಿರೆತ್ತಲಿಲ್ಲ. ಇನ್ನೊಮ್ಮೆ ಕೇಳುವಷ್ಟರಲ್ಲಿ ಬೋಳುತಲೆಯವನು ಹಿಂದೆ ಸನ್ನೆ ಮಾಡಿದ, ಡ್ರಮ್ಮು ಶುರುವಾಯಿತು. ಅತ್ತೆ ಅವನ ಕಡೆ ತಿರುಗಿಯೂ ನೋಡದೆ ಕೆಳಗಿಳಿದರು. ನಮ್ಮ ಹಿಂದೆ ಶೀಲಾ ಬಂದಳು. ಇನ್ನೂ ಒಂದಷ್ಟು ಜನ ಬಂದರು. ಒಳಗೆ ಹಾಡು ನಡೆದೇ ಇತ್ತು.

ಮರುದಿನ ಟೀ ಕೊಡುವಾಗ ಶೀಲಾ ಹೇಳಿದಳು, "ನಾನೂ ಅವನಿಗೆ ದಿನಾ ಹಾಗೇ ಬೈತಿದ್ದೆ, ಸೋಫಾ ಬಿಟ್ಟು ಏಳು ಅಂತ. ಹಾಡು ಸರಿಯಾಗೇ ಇತ್ತು." ಅತ್ತೆಗೆ ತಿಳಿಸಿದೆ. ಬಂದಾಗಿನಿಂದ ಮೊದಲ ಸಲ ಅವರು ನಕ್ಕರು. ಆ ನಗುವಿನ ಚೂರನ್ನು ಕೇಳಿಸಿಕೊಳ್ಳಲು ಕೊಡಿ ಅಂತ ಶೀಲಾಳೇ ಕಂಪನಿಗೆ ಹೋಗಿ ಜಗಳ ತೆಗೆದು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಬಂದಳು.

ತ್ಯಾವಣಿಗೆ

ನಾವು ಊರು ಸೇರುವ ಹೊತ್ತಿಗೆ ಸಮಾರಂಭದ ವಿಡಿಯೋ ಬಂದಿತ್ತು. ಅತ್ತೆ ಬೈಯುವುದಿದೆ, ಜನ ಕುಣಿಯುವುದಿದೆ. ನಾನು ಮಾತಾಡಿದ್ದನ್ನು ಕತ್ತರಿಸಿದ್ದಾರೆ. ಕತ್ತರಿ ಅವರ ಕೈಗೆ ಚೆನ್ನಾಗಿ ಪಳಗಿದೆ. ಈಗ ಎಷ್ಟೋ ಮಂದಿ 'ಸುಮ್ನಿರ್ರೋ' ಅಂದರೆ ಶಾಂತಿಮಂತ್ರ ಅಂದುಕೊಂಡಿದ್ದಾರೆ. ಡಾಕ್ಟರ ಕೈಲಿ ಬರೆಸುತ್ತಲೇ ಇದ್ದೇನೆ. ಮುಂದಿನ ಸಲ, ಮುಂದಿನ ಸಲ.

ಅತ್ತೆಗೆ ಅದ್ಯಾವುದೂ ಬೇಕಿರಲಿಲ್ಲ. ತವರಿಗೆ ಹೋಗಬೇಕು, ಬಸಮ್ಮನಿಗೆ ಕೇಳಿಸಬೇಕು ಅಂತ ಹಟ. ಆ ಸಾಲಿನಲ್ಲಿದ್ದವರಲ್ಲಿ ಇವರನ್ನು ಬಿಟ್ಟರೆ ಈಗ ಉಳಿದಿರುವವಳು ಬಸಮ್ಮ ಒಬ್ಬಳೇ. ಮೈಕ್‌ಸೆಟ್ಟಿನವನ ದೊಡ್ಡ ಪೆಟ್ಟಿಗೆಯೊಂದನ್ನು ಆಟೋದಲ್ಲಿ ಹೇರಿಕೊಂಡು ಹೋದೆವು. ಬಸಮ್ಮನ ಮನೆಯ ಅಂಗಳದಲ್ಲಿ, ಮಟಮಟ ಮಧ್ಯಾಹ್ನ, ಹಾಕಿದೆವು.

ಬಸಮ್ಮ ಕೇಳಿದಳು. ಕೋಲೂರಿಕೊಂಡು ಪೆಟ್ಟಿಗೆಯ ಹತ್ತಿರ ಬಂದು ಮತ್ತೆ ಕೇಳಿದಳು. ಮುಖ ಅರಳಿತು.

"ಅಯ್ಯ, ಹಾಲೀ! ಇದು ನಾನು ನಕ್ಕಿದ್ದು!"

"ನೀನಲ್ಲ. ಗೌರಕ್ಕ. ಕೈ ಅಡ್ಡ ಹಿಡ್ಕಂಡಾಳೆ, ಕೇಳ್ಸಲ್ವಾ?"

"ಎಲ್ರೂ ಹಿಡ್ಕಂಡಿದ್ವಲ್ಲೇ. ಬಿಳೇರ ಮುಂದೆ ಹಲ್ಲು ಕಿಸೀಬ್ಯಾಡ್ರಿ ಅಂತ ಗದ್ದಿ ಯಜಮಾನ ಬೈದಿರ್ಲಿಲ್ಲಾ? ಗೌರಿ ಆಗ್ಲೇ ಎಮ್ಮಿ ಹೊಡ್ಯಾಕೆ ಆ ತುದಿಗೆ ಓಡಿದ್ಲು. ನಿನ್ನ ಬಗಲಿಗೆ ನಿಂತೋಳು ನಾನು."

ಅತ್ತೆಯ ಬಾಯಿಂದ ಬೈಗುಳ ಹೊರಡಲಿಲ್ಲ. ಅದನ್ನು ಕಂಡೇ ನನಗೆ ಭಯವಾಯಿತು. ಅಂಗಳದಲ್ಲಿ ಸುಮ್ಮನೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಬಸಮ್ಮ ಅವರನ್ನು ನೋಡಿದಳು. ನನ್ನನ್ನು ನೋಡಿದಳು.

"ಇನ್ನೊಂದಪ ಹಾಕವ್ವ" ಅಂದಳು. ಹಾಕಿದೆ. ತಲೆ ಓರೆ ಮಾಡಿ ಕೇಳಿದಳು. "ಹೂಂ... ತಡಿ ತಡಿ. ಹೌದು ಬಿಡು, ಗೌರಿದೇ. ನನ್ನ ಕಿವಿ ಸರಿಗಿಲ್ಲ. ಗೌರಿ ಹಿಂಗೇ ನಗ್ತಿದ್ಲು." ಒಳಗೆ ಹೋಗಿ ಮಂಡಕ್ಕಿ, ಮಜ್ಜಿಗೆ ತಂದಳು. ಇಬ್ಬರೂ ಎಮ್ಮೆಯ ಮಾತಾಡಿದರು, ಮಳೆಯ ಮಾತಾಡಿದರು, ಗೌರಕ್ಕನ ಮದುವೆಯ ಮಾತಾಡಿದರು.

ಹೊನ್ನಾಳಿಗೆ ವಾಪಸ್ ಬಸ್ಸು ಹತ್ತಿದೆವು. ಕಾಲುವೆ ದಾಟಿದ ಮೇಲೆ ಅತ್ತೆ ಅಂದರು, "ಬಸಿ ಸುಳ್ಳು ಹೇಳಿದ್ಲು."

"ಇಲ್ಲ ಅತ್ತೆ..."

"ನೀನೂ ಹೇಳ್ಬ್ಯಾಡ. ಹುಟ್ಟಿದಾಗಿಂದ ಅವ್ಳು ನನ್ನ ಹತ್ರ ಒಂದು ಸುಳ್ಳು ಹೇಳ್ದೋಳಲ್ಲ. ಇವತ್ತು ಹೇಳಿದ್ಲು."

ನಾನು ಕಿಟಕಿಯ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ. ಆ ಟೇಪು ಪೂರ್ತಿ ಇದ್ದಿದ್ದರೆ ಅದರಲ್ಲಿ ಗೌರಕ್ಕ, ಬಸಮ್ಮ ಇಬ್ಬರಿಗೂ ಸಾಕಾಗುವಷ್ಟು ನಗು ಇರುತ್ತಿತ್ತು.